ಅಮ್ಮನ ಕಿತ್ತಳೆ ಜ್ಯೂಸು: ಕ್ಯಾಲ್ಸಿಯಂ, ವಿಟಮಿನ್ ಸಿ ಎರಡೂ ಇರುವ ಮಾತ್ರೆ ದಿನಾ ತೆಗೆದುಕೊಳ್ಳಬಹುದೇ?

ತುಂಗಾತೀರ, ಶಿವಮೊಗ್ಗ · ಮಾರ್ಚ್ 11, ರಾತ್ರಿ

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 63 ವರ್ಷ. ಹನ್ನೆರಡು ವರ್ಷದಿಂದ ಥೈರಾಯ್ಡ್‌ಗೆ 75 ಮೈಕ್ರೋಗ್ರಾಂ ಮಾತ್ರೆ ನಡೆಯುತ್ತಿದೆ, ಬಿಪಿಗೆ ಇನ್ನೊಂದು. ಮೂಳೆ ಸವೆದಿದೆ ಎಂದು ಎರಡು ವರ್ಷದ ಹಿಂದೆ ವೈದ್ಯರು 500ರ ಕ್ಯಾಲ್ಸಿಯಂ ಮಾತ್ರೆಯನ್ನು ಮಧ್ಯಾಹ್ನ ಒಂದು, ರಾತ್ರಿ ಒಂದು ಎಂದು ಬರೆದುಕೊಟ್ಟರು. ಅಲ್ಲಿಯವರೆಗೆ ಯಾವ ತಕರಾರೂ ಇರಲಿಲ್ಲ.

ಜನವರಿಯಲ್ಲಿ ದುಬೈಯಿಂದ ಬಂದ ಚಿಕ್ಕಪ್ಪನ ಮಗ ಖರ್ಜೂರದ ಡಬ್ಬಿಯ ಜೊತೆಗೆ ಆರು ಉದ್ದನೆಯ ಕೊಳವೆಗಳನ್ನು ತಂದುಕೊಟ್ಟ. ಒಂದೊಂದರಲ್ಲಿ ಇಪ್ಪತ್ತು ಮಾತ್ರೆ. ನೀರಿಗೆ ಹಾಕಿದರೆ ಸುಯ್ಯೆಂದು ನೊರೆಯೆದ್ದು ಕರಗುತ್ತದೆ, ನೀರು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಕ್ಯಾಲ್ಸಿಯಂ, ವಿಟಮಿನ್ ಸಿ ಎರಡೂ ಇವೆಯಂತೆ. ಅಮ್ಮನಿಗೆ ಅದರ ರುಚಿ ಎಷ್ಟು ಹಿಡಿಸಿದೆಯೆಂದರೆ ಬೆಳಿಗ್ಗೆ ಎದ್ದು ಥೈರಾಯ್ಡ್ ಮಾತ್ರೆ ನುಂಗುವುದೂ ಅದೇ ನೀರಿನಲ್ಲಿ. ಸಂಜೆ ಇನ್ನೊಂದು ಲೋಟ. ಈಗ ಐದು ಕೊಳವೆ ಖಾಲಿ.

ಕಳೆದ ವಾರ ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಹಾರ್ಮೋನು ಸಾಲದಿದ್ದರೆ ಏರುವ ಅಂಕಿ) 9.4 ಬಂತು. ಹೋದ ವರ್ಷ 2.8 ಇತ್ತು. "ಹೊಸದಾಗಿ ಬೇರೆ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತಿದ್ದೀರಾ?" ಎಂದು ವೈದ್ಯರು ಕೇಳಿದರು. ಅಮ್ಮ ಇಲ್ಲ ಎಂದರು. ಅದು ಸುಳ್ಳೂ ಅಲ್ಲ. ಅವರ ಲೆಕ್ಕದಲ್ಲಿ ಅದು ಮಾತ್ರೆಯಲ್ಲ, ಜ್ಯೂಸು. ವೈದ್ಯರು ಥೈರಾಯ್ಡ್ ಮಾತ್ರೆಯನ್ನು 100ಕ್ಕೆ ಏರಿಸಿ ಕಳುಹಿಸಿದರು. ಮನೆಗೆ ಬಂದು ಅಡುಗೆಮನೆಯ ಕಟ್ಟೆಯ ಮೇಲೆ ಆ ಕೊಳವೆಯನ್ನು ನೋಡಿದಾಗ ನನಗೆ ಅನುಮಾನ ಹತ್ತಿತು. ಇದಕ್ಕೂ ಅದಕ್ಕೂ ಸಂಬಂಧ ಇರಬಹುದೇ? ಕ್ಯಾಲ್ಸಿಯಂ ಮೈಗೆ ಹತ್ತಬೇಕಾದರೆ ಜೊತೆಗೆ ಸಿ ಬೇಕೇ ಬೇಕು ಎಂದು ಅಣ್ಣ ವಾದಿಸುತ್ತಾನೆ. ನಿಜವೇ?

ನಿಶ್ಚಿಂತ · ಮಾರ್ಚ್ 11, ರಾತ್ರಿ

ವಿಟಮಿನ್ ಸಿ ನೀರಿನಲ್ಲಿ ಕರಗುವಂಥದ್ದು. ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ. ಚಿಂತೆ ಬೇಡ, ಕುಡಿಯಲಿ ಬಿಡಿ.

ಮಾತ್ರೆ ಕಪಾಟು, ದಾವಣಗೆರೆ · ಮಾರ್ಚ್ 12, ಬೆಳಿಗ್ಗೆ

ಅಕ್ಕ, ನಾನು ವೈದ್ಯನಲ್ಲ, ಇಪ್ಪತ್ತು ವರ್ಷದಿಂದ ಔಷಧಿ ಅಂಗಡಿ ನಡೆಸುತ್ತಿರುವ ಫಾರ್ಮಸಿಸ್ಟ್. ತುರ್ತಿನದನ್ನು ಮೊದಲು ಹೇಳುತ್ತೇನೆ.

ಥೈರಾಯ್ಡ್ ಮಾತ್ರೆಯಲ್ಲಿರುವ ಲೆವೊಥೈರಾಕ್ಸಿನ್‌ಗೆ ಕ್ಯಾಲ್ಸಿಯಂ ಆಗಿಬರುವುದಿಲ್ಲ. ಹೊಟ್ಟೆಯಲ್ಲಿ ಎರಡೂ ಎದುರಾದರೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ರಕ್ತಕ್ಕೆ ಸೇರಬೇಕಾದ ಔಷಧಿಯ ಒಂದು ಪಾಲು ಮಲದಲ್ಲಿ ಹೋಗಿಬಿಡುತ್ತದೆ. ಇವೆರಡರ ನಡುವೆ ನಾಲ್ಕು ಗಂಟೆ ಅಂತರ ಬೇಕು. ಮಧ್ಯಾಹ್ನ, ರಾತ್ರಿಯ ಮಾತ್ರೆಗಳು ಅಷ್ಟು ದೂರದಲ್ಲಿದ್ದವು, ಹಾಗಾಗಿ ಎರಡು ವರ್ಷ ಏನೂ ಆಗಲಿಲ್ಲ. ಈಗ ತಾಯಿಯವರು ಥೈರಾಯ್ಡ್ ಮಾತ್ರೆಯನ್ನು ಕ್ಯಾಲ್ಸಿಯಂ ನೀರಿನಲ್ಲೇ ನುಂಗುತ್ತಿದ್ದಾರೆ. ನಿಮ್ಮ ಅನುಮಾನಕ್ಕೆ ಬಲವಾದ ಆಧಾರವಿದೆ.

ಆದರೆ ಇದನ್ನು ಓದಿದ ಕೂಡಲೇ ಜ್ಯೂಸು ನಿಲ್ಲಿಸಿ ಸುಮ್ಮನಾಗಬೇಡಿ. ಅದು ನಿಂತರೆ ಮೈ ಔಷಧಿಯನ್ನು ಮೊದಲಿನಂತೆ ಹೀರಿಕೊಳ್ಳುತ್ತದೆ. ಆಗ ಹೊಸ 100 ಅವರಿಗೆ ಅತಿಯಾಗಬಹುದು. ಈ ವಯಸ್ಸಿನಲ್ಲಿ ಥೈರಾಯ್ಡ್ ಔಷಧಿ ಅತಿಯಾದರೆ ಎದೆ ಡವಡವ ಎನ್ನುತ್ತದೆ, ಮೂಳೆಯೂ ಇನ್ನಷ್ಟು ಸವೆಯುತ್ತದೆ. ಇವತ್ತೇ ವೈದ್ಯರಿಗೆ ಫೋನ್ ಮಾಡಿ ಜ್ಯೂಸಿನ ಕಥೆಯನ್ನು ಪೂರ್ತಿ ಹೇಳಿ. 75ಕ್ಕೆ ಮರಳಬೇಕೋ ಬೇಡವೋ ಅವರೇ ತೀರ್ಮಾನಿಸಲಿ.

ಅಣ್ಣನವರ ಮಾತಿಗೆ ಬರೋಣ. ಕರುಳು ಕ್ಯಾಲ್ಸಿಯಂ ಹೀರಿಕೊಳ್ಳಲು ಬೇಕಾದದ್ದು ವಿಟಮಿನ್ ಡಿ, ಸಿ ಅಲ್ಲ. ಮೂಳೆಗೆ ಸಿ ಬೇಡವೆಂದಲ್ಲ. ಮೂಳೆಯೊಳಗೆ ಕೊಲಾಜನ್ ಎಂಬ ನಾರಿನ ಹಂದರವಿದೆ, ಕ್ಯಾಲ್ಸಿಯಂ ಕೂರುವುದು ಅದರ ಮೇಲೆ, ಆ ನಾರು ಕಟ್ಟುವುದಕ್ಕೆ ಸಿ ಬೇಕು. ಆದರೆ ಅದಕ್ಕೆ ಬೇಕಾದ ಪ್ರಮಾಣ ಎಷ್ಟು ಗೊತ್ತೇ? ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಪಟ್ಟಿಯಲ್ಲಿ ಗಂಡಸರಿಗೆ ದಿನಕ್ಕೆ 80 ಮಿಲಿಗ್ರಾಂ, ಹೆಂಗಸರಿಗೆ 65. ಕೊಳವೆಯ ಮೇಲೆ ಎಷ್ಟಿದೆ ನೋಡಿ ಹೇಳಿ.

ತುಂಗಭದ್ರೆಯ ಬಿಸಿಲು, ರಾಯಚೂರು · ಮಾರ್ಚ್ 12, ಬೆಳಿಗ್ಗೆ

"ಮೂತ್ರದಲ್ಲಿ ಹೋಗುತ್ತದೆ" ಎಂದು ಬರೆದಿರುವ ನಿಶ್ಚಿಂತರೇ, ಹೋಗುತ್ತದೆ, ಒಪ್ಪಿದೆ. ಆದರೆ ಹೇಗೆ ಹೋಗುತ್ತದೆ ಎಂದು ನನ್ನನ್ನು ಕೇಳಿ.

2020ರಲ್ಲಿ ಎಲ್ಲರೂ ಜಿಂಕ್, ಸಿ ಎಂದು ಅಂಗಡಿ ಅಂಗಡಿ ಅಲೆದರಲ್ಲ, ನಾನೂ ಅಲೆದೆ. 500ರ ಚೀಪುವ ಮಾತ್ರೆ ಬೆಳಿಗ್ಗೆ ಒಂದು, ರಾತ್ರಿ ಒಂದು. ಕೊರೋನಾ ಹೋದರೂ ಮಾತ್ರೆ ಬಿಡಲಿಲ್ಲ. ಹುಳಿಸಿಹಿ ಮಿಠಾಯಿಯ ಹಾಗೆ ರೂಢಿಯಾಗಿಬಿಟ್ಟಿತ್ತು. 2022ರ ಮೇ ತಿಂಗಳ ಒಂದು ಬೆಳಗಿನ ಜಾವ ನಾಲ್ಕು ಗಂಟೆಗೆ ಸೊಂಟದ ಎಡಬದಿಯಿಂದ ತೊಡೆಸಂದಿಯವರೆಗೆ ಯಾರೋ ಕಾಯಿಸಿದ ಸರಳು ಎಳೆದಂತಾಯಿತು. ನೆಲದ ಮೇಲೆ ಹೊರಳಾಡಿದೆ. ಹೊರಬಂದ ಹರಳು ಜೋಳದ ಕಾಳಿಗಿಂತ ಚಿಕ್ಕದು! ಪರೀಕ್ಷೆಗೆ ಕಳುಹಿಸಿದರೆ ಕ್ಯಾಲ್ಸಿಯಂ ಆಕ್ಸಲೇಟ್ ಎಂದು ಬಂತು.

ಮೂತ್ರರೋಗ ತಜ್ಞರು ಬಿಡಿಸಿ ಹೇಳಿದರು. ಮೈಗೆ ಬೇಡವಾದ ವಿಟಮಿನ್ ಸಿ ಇದ್ದ ಹಾಗೆಯೇ ಎಲ್ಲವೂ ಹೊರಹೋಗುವುದಿಲ್ಲ. ಒಂದು ಭಾಗ ಆಕ್ಸಲೇಟ್ ಆಗಿ ಮೂತ್ರಕ್ಕೆ ಇಳಿಯುತ್ತದೆ. ಅಲ್ಲಿ ಕ್ಯಾಲ್ಸಿಯಂ ಸಿಕ್ಕಿದರೆ ಹರಳು ಕಟ್ಟುತ್ತದೆ. ನೀರು ಕಡಿಮೆ ಕುಡಿದು, ನಮ್ಮೂರಿನಂಥ ಬಿಸಿಲಿನಲ್ಲಿ ಬೆವರು ಸುರಿಸಿ, ಮೂತ್ರ ಗಟ್ಟಿಯಾದರೆ ಮುಗಿಯಿತು.

ನಿಶ್ಚಿಂತ · ಮಾರ್ಚ್ 12, ಮಧ್ಯಾಹ್ನ

ರಾಯಚೂರಿನಲ್ಲಿ ಮಾತ್ರೆ ತಿನ್ನದವರಿಗೂ ಹರಳು ಬರುತ್ತದೆ ಸ್ವಾಮಿ. ನಿಮ್ಮ ಹರಳಿಗೆ ಸಿ ಕಾರಣ ಎಂದು ಯಾರು ಬರೆದುಕೊಟ್ಟರು?

ಮಾತ್ರೆ ಕಪಾಟು, ದಾವಣಗೆರೆ · ಮಾರ್ಚ್ 12, ಸಂಜೆ

ನಿಶ್ಚಿಂತರ ಪ್ರಶ್ನೆ ನ್ಯಾಯವಾದದ್ದೇ. ಒಬ್ಬರ ಹರಳು ಸಾಕ್ಷಿಯಾಗುವುದಿಲ್ಲ. ಆದರೆ ಸ್ವೀಡನ್ನಿನಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಗಂಡಸರನ್ನು ಸುಮಾರು ಹನ್ನೊಂದು ವರ್ಷ ಗಮನಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಸಿ ಮಾತ್ರೆ ತೆಗೆದುಕೊಳ್ಳುತ್ತಿದ್ದವರಲ್ಲಿ ಹರಳು ಸುಮಾರು ಎರಡು ಪಟ್ಟು ಕಂಡಿತು. ಕ್ಯಾಲ್ಸಿಯಂ ಕಡೆಯಿಂದಲೂ ಒಂದಿದೆ. ಅಮೆರಿಕದಲ್ಲಿ 36 ಸಾವಿರ ಮಹಿಳೆಯರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಮತ್ತು ಡಿ ಪಡೆದವರಲ್ಲಿ ಹರಳು ನೂರಕ್ಕೆ 17ರಷ್ಟು ಹೆಚ್ಚಿತು. ಇವು ಹೆದರಿ ಓಡುವ ಅಂಕಿಗಳಲ್ಲ. ಆದರೆ ಹಿಂದೊಮ್ಮೆ ಹರಳು ಆದವರು, ಕಿಡ್ನಿ ದುರ್ಬಲವಾಗಿರುವವರು ಈ ಎರಡನ್ನೂ ಕೂಡಿಸಿದ ಮಾತ್ರೆಯನ್ನು ತಾವಾಗಿಯೇ ಕೊಂಡು ತಿನ್ನಬಾರದು. ನನ್ನ ಅಂಗಡಿಯಲ್ಲಂತೂ ಕೇಳಿಯೇ ಕೊಡುತ್ತೇನೆ.

ರಾಯಚೂರಿನವರೇ, ಒಂದು ಮಾತು. ಹರಳು ಬಂದ ಮೇಲೆ ಹಾಲು ಮೊಸರು ಬಿಟ್ಟಿರಾ?

ತುಂಗಭದ್ರೆಯ ಬಿಸಿಲು, ರಾಯಚೂರು · ಮಾರ್ಚ್ 12, ರಾತ್ರಿ

ಬಿಟ್ಟಿದ್ದೆ, ಮೂರು ತಿಂಗಳು. ತಜ್ಞರು ಬೈದು ಮತ್ತೆ ಹಿಡಿಸಿದರು. ಪಾಲಕ್ ಪಲ್ಯ ತಿನ್ನುವಾಗ ಪಕ್ಕದಲ್ಲಿ ಮೊಸರು ಇದ್ದರೆ ಪಾಲಕಿನ ಆಕ್ಸಲೇಟ್ ಕರುಳಿನಲ್ಲೇ ಕ್ಯಾಲ್ಸಿಯಂಗೆ ಅಂಟಿ ಮಲದಲ್ಲಿ ಹೋಗುತ್ತದೆ, ಕಿಡ್ನಿಯವರೆಗೆ ಬರುವುದೇ ಇಲ್ಲ ಎಂದರು. ನಾನು ಮಾಡಿದ್ದು ತಲೆಕೆಳಗು: ತಟ್ಟೆಯ ಕ್ಯಾಲ್ಸಿಯಂ ಬಿಟ್ಟು ಡಬ್ಬಿಯ ಸಿ ಹಿಡಿದಿದ್ದೆ. ಈಗ ದಿನಕ್ಕೆ ಮೂರು ಲೀಟರ್ ನೀರು. ಮೊಸರನ್ನದ ಮೇಲೆ ಯಾರೂ ಕಣ್ಣು ಹಾಕಬೇಡಿ.

ನಿವೃತ್ತ ಮೇಷ್ಟ್ರು, ಮಂಡ್ಯ · ಮಾರ್ಚ್ 13, ಬೆಳಿಗ್ಗೆ

ಮಕ್ಕಳೇ, ದುಬೈಯಿಂದ ಕೊಳವೆ ತರಿಸಿ ಕ್ಯಾಲ್ಸಿಯಂ ಕುಡಿಯುವ ಕಾಲ ಬಂತೇ! ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅದೇ ತೂಕದ ಹಾಲಿನಲ್ಲಿ 120 ಮಾತ್ರ. ಒಂದು ಹದವಾದ ಮುದ್ದೆ, ನುಗ್ಗೆಸೊಪ್ಪಿನ ಸಾರು, ಮೇಲೊಂದು ಲೋಟ ಮಜ್ಜಿಗೆ. ಸಿ ಬೇಕಾದರೆ ಒಂದು ಬೆಟ್ಟದ ನೆಲ್ಲಿಕಾಯಿ, ಅಥವಾ ಅರ್ಧ ಸೀಬೆಹಣ್ಣಿಗೆ ಉಪ್ಪುಖಾರ. ದಿನದ 65 ಅಲ್ಲಿಗೇ ತೀರಿತು. ನಮ್ಮ ತಾಯಿ ಊಟದ ಮೇಲೆ ಎಲೆಯಡಿಕೆಗೆ ಸುಣ್ಣ ಹಚ್ಚಿಕೊಳ್ಳುತ್ತಿದ್ದರು, 88ರಲ್ಲೂ ನೆಟ್ಟಗೆ ನಡೆಯುತ್ತಿದ್ದರು. ಸುಣ್ಣವೂ ಕ್ಯಾಲ್ಸಿಯಂ ತಾನೇ?

ಮಾತ್ರೆ ಕಪಾಟು, ದಾವಣಗೆರೆ · ಮಾರ್ಚ್ 13, ಬೆಳಿಗ್ಗೆ

ಮೇಷ್ಟ್ರೇ, ಮುದ್ದೆಗೆ ನನ್ನದೂ ಒಂದು ಓಟು. ಸುಣ್ಣಕ್ಕೆ ಮಾತ್ರ ಇಲ್ಲ. ಅದು ಕ್ಯಾಲ್ಸಿಯಂ ಹೌದು, ಬಾಯಿಯ ಒಳಚರ್ಮವನ್ನು ಸುಡುವ ಕ್ಷಾರವೂ ಹೌದು. ಅಡಿಕೆ ಬಾಯಿಯ ಕ್ಯಾನ್ಸರಿಗೆ ಕಾರಣ ಎಂಬುದೂ ಸ್ಥಿರಪಟ್ಟಿದೆ. ಅಡಿಕೆಯ ನಾಡಿನ ಪಕ್ಕದಲ್ಲೇ ಕೂತು ಇದನ್ನು ಬರೆಯಲು ಧೈರ್ಯ ಬೇಕು, ಆದರೂ ಬರೆದಿದ್ದೇನೆ.

ಮೂಳೆ ಸವೆತ ಇರುವವರಿಗೆ ವೈದ್ಯರು ಮಾತ್ರೆ ಬರೆದಿದ್ದರೆ ಮುದ್ದೆಯ ಭರವಸೆಯಲ್ಲಿ ಅದನ್ನು ಬಿಡಬಾರದು. ಮುಟ್ಟು ನಿಂತ ಹೆಂಗಸರಿಗೆ ದಿನಕ್ಕೆ ಊಟ, ಮಾತ್ರೆ ಎಲ್ಲ ಸೇರಿ 1200 ಮಿಲಿಗ್ರಾಂ ಬೇಕು. ಎಲ್ಲ ಸೇರಿ ಎನ್ನುವುದನ್ನು ಎರಡು ಸಲ ಓದಿ.

ಬಾಗಿಲ ಬಡಿಯುವವಳು, ಕೊಪ್ಪಳ · ಮಾರ್ಚ್ 13, ಸಂಜೆ

ನಾನು ಆಶಾ ಕಾರ್ಯಕರ್ತೆ. ಥೈರಾಯ್ಡ್ ವಿಷಯ ನನ್ನದಲ್ಲ, ಆದರೆ ಸಿ ಎಂದ ಕೂಡಲೇ ನನಗೆ ನೆನಪಾಗುವುದು ಕೆಂಪು ಗುಳಿಗೆ.

ಗರ್ಭಿಣಿಯರಿಗೆ ಸರ್ಕಾರದಿಂದ ಕಬ್ಬಿಣದ ಕೆಂಪು ಗುಳಿಗೆ ದಿನಕ್ಕೊಂದು, ಕ್ಯಾಲ್ಸಿಯಂ 500ರದು ದಿನಕ್ಕೆ ಎರಡು ಕೊಡುತ್ತೇವೆ. ಎರಡನ್ನೂ ಒಂದೇ ಹೊತ್ತಿಗೆ ನುಂಗಬೇಡಿ, ಕನಿಷ್ಠ ಎರಡು ಗಂಟೆ ಬಿಡಿ ಎಂದು ಮನೆ ಮನೆಗೆ ಹೋಗಿ ಹೇಳುವುದೇ ನನ್ನ ಕೆಲಸ. ಕ್ಯಾಲ್ಸಿಯಂ ಪಕ್ಕದಲ್ಲಿದ್ದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ಕೆಂಪು ಗುಳಿಗೆಗೆ ನಿಂಬೆಹಣ್ಣಿನ ಪಾನಕವೇ ಒಳ್ಳೆಯ ಜೊತೆ, ಚಹಾ ಬೇಡ ಎಂದೂ ಹೇಳುತ್ತೇವೆ. ಸಿ ಕೆಲಸಕ್ಕೆ ಬರುವುದು ಕಬ್ಬಿಣದ ಪಕ್ಕದಲ್ಲಿ. ಅದನ್ನು ಕ್ಯಾಲ್ಸಿಯಂ ಜೊತೆ ಕಟ್ಟಿ ಮಾರುವುದೇಕೆ ಎಂದು ನನಗೆ ಇವತ್ತಿಗೂ ತಿಳಿದಿಲ್ಲ.

ಒಬ್ಬ ಸೊಸೆ ಮೂರು ಗುಳಿಗೆಗಳನ್ನೂ ರಾತ್ರಿ ಒಮ್ಮೆಗೇ ಬಾಯಿಗೆ ಹಾಕಿಕೊಂಡು ಮಲಗುತ್ತಿದ್ದಳು, ಅತ್ತೆಯ ಕಾಟ ತಪ್ಪಲಿ ಎಂದು. ಎರಡು ತಿಂಗಳಾದರೂ ರಕ್ತದ ಹಿಮೋಗ್ಲೋಬಿನ್ 8.6ರಿಂದ ಮೇಲೇರಲಿಲ್ಲ. ಕೆಂಪನ್ನು ಬೆಳಿಗ್ಗೆ ಹತ್ತು ಗಂಟೆಗೆ ಸರಿಸಿದೆವು. ಹೆರಿಗೆಯ ಹೊತ್ತಿಗೆ 10.8 ಇತ್ತು.

ಮಸ್ಕತ್ತಿನ ಕುಂದಾಪುರ · ಮಾರ್ಚ್ 14, ಬೆಳಿಗ್ಗೆ

ನಾನು ಇಲ್ಲಿ ನರ್ಸ್. ಆ ಕೊಳವೆಗಳು ಇಲ್ಲಿಯ ಪ್ರತಿ ಸೂಪರ್ ಮಾರ್ಕೆಟಿನಲ್ಲಿ, ಬಿಸ್ಕತ್ತಿನ ಸಾಲಿನ ಪಕ್ಕದಲ್ಲೇ ಇರುತ್ತವೆ. ಊರಿಗೆ ಹೊರಡುವ ಪ್ರತಿಯೊಬ್ಬರ ಪೆಟ್ಟಿಗೆಯಲ್ಲೂ ನಾಲ್ಕಾದರೂ ಇದ್ದೇ ಇರುತ್ತವೆ. ನಾನೂ ತಂದಿದ್ದೇನೆ, ಒಪ್ಪಿಕೊಳ್ಳುತ್ತೇನೆ. ತೂಕ ಕಡಿಮೆ, ನೋಡಲು ಚಂದ, ಬೆಲೆ ಅಗ್ಗ.

ತುಂಗಾತೀರ ಅವರೇ, ನಿಮ್ಮ ತಾಯಿಗೆ ಬಿಪಿ ಇದೆ ಎಂದಿರಿ. ಕ್ಯಾಲ್ಸಿಯಂ, ಸಿ ಎರಡನ್ನೂ ಒಂದು ಕ್ಷಣ ಬಿಡಿ. ನೊರೆ ಏಳುವುದು ಹೇಗೆ? ಮಾತ್ರೆಯಲ್ಲಿ ಅಡುಗೆ ಸೋಡಾ ಮತ್ತು ನಿಂಬೆಹುಳಿಯ ಪುಡಿ (ಸಿಟ್ರಿಕ್ ಆಮ್ಲ) ಒಣಗಿ ಕೂತಿರುತ್ತವೆ. ನೀರು ತಗುಲಿದರೆ ಸುಯ್ಯೆನ್ನುತ್ತವೆ. ಸೋಡಾ ಎಂದರೆ ಸೋಡಿಯಂ. ಉಪ್ಪಿನ ರುಚಿ ಇಲ್ಲದ ಉಪ್ಪು! ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಸೋಡಿಯಂ ಎಷ್ಟು ಎಂದು ಇರುತ್ತದೆ. ಬ್ರಿಟನ್ನಿನ ರೋಗಿಗಳ ದಾಖಲೆಗಳನ್ನು ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸೋಡಿಯಂ ತುಂಬಿದ ಇಂಥ ಕರಗುವ ಔಷಧಿಗಳನ್ನು ಬಹುಕಾಲ ತೆಗೆದುಕೊಂಡವರಲ್ಲಿ ರಕ್ತದೊತ್ತಡ, ಪಾರ್ಶ್ವವಾಯು ಹೆಚ್ಚಾಗಿ ಕಂಡಿದ್ದವು.

ತೋಳಿಗೆ ಸಕ್ಕರೆ ಅಳೆಯುವ ಸೆನ್ಸರ್ ಅಂಟಿಸಿಕೊಂಡವರಿಗೂ ಒಂದು ಮಾತು. ಸಿ ದೊಡ್ಡ ಪ್ರಮಾಣದಲ್ಲಿ ತೆಗೆದುಕೊಂಡರೆ ಕೆಲವು ಸೆನ್ಸರ್‌ಗಳು ಇರುವುದಕ್ಕಿಂತ ಹೆಚ್ಚು ತೋರಿಸುತ್ತವೆ. ಅದನ್ನು ನಂಬಿ ಇನ್ಸುಲಿನ್ ಏರಿಸಿದರೆ ಸಕ್ಕರೆ ಕುಸಿಯುತ್ತದೆ. ನಮ್ಮ ವಾರ್ಡಿನಲ್ಲಿ ಇದನ್ನು ಕೇಳಿಯೇ ಮುಂದೆ ಹೋಗುತ್ತೇವೆ.

ತುಂಗಾತೀರ, ಶಿವಮೊಗ್ಗ · ಮಾರ್ಚ್ 14, ರಾತ್ರಿ

ಅಬ್ಬಾ! ಭೂತಗನ್ನಡಿ ಹಿಡಿದು ಕೂತೆ. ಒಂದು ಮಾತ್ರೆಯಲ್ಲಿ ವಿಟಮಿನ್ ಸಿ 1000, ಕ್ಯಾಲ್ಸಿಯಂ 240, ಸೋಡಿಯಂ 280 ಮಿಲಿಗ್ರಾಂ. "ದಿನಕ್ಕೆ ಒಂದು" ಎಂದೂ ಇದೆ. ಇಂಗ್ಲಿಷಿನಲ್ಲಿ ಮತ್ತು ಅರಬ್ಬಿಯಲ್ಲಿ. ಅಮ್ಮನಿಗೆ ಎರಡೂ ಬರುವುದಿಲ್ಲ.

ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿದೆ. ದಿನಕ್ಕೆ ಎರಡು ಲೋಟವೆಂದರೆ ಸಿ 2000. ಕ್ಯಾಲ್ಸಿಯಂ 480, ವೈದ್ಯರ ಎರಡು ಮಾತ್ರೆಯಿಂದ 1000, ಒಟ್ಟು 1480. ಹಾಲು, ಮೊಸರು, ರಾಗಿ ಅಂಬಲಿ ಸೇರಿ ಊಟದಿಂದ 600 ಎಂದು ಹಿಡಿದರೆ 2080. ಸೋಡಿಯಂ 560. ಮಗ ಫೋನಿನಲ್ಲಿ ನೋಡಿ ಅದು ಸುಮಾರು ಕಾಲು ಚಮಚ ಉಪ್ಪು ಎಂದ. ಉಪ್ಪಿನಕಾಯಿ ಜಾಡಿಯನ್ನು ನಾನು ಅಟ್ಟದ ಮೇಲೆ ಬಚ್ಚಿಟ್ಟು ಒಂದು ವರ್ಷವಾಯಿತು. ಅಮ್ಮ ದಿನಾ ಎರಡು ಸಲ ಉಪ್ಪುನೀರು ಕುಡಿಯುತ್ತಿದ್ದರು!

ವೈದ್ಯರಿಗೆ ಮೊನ್ನೆಯೇ ಫೋನ್ ಮಾಡಿದ್ದೆ. ಅವರು ನಕ್ಕರು, ಆಮೇಲೆ ಬೈದರು. ಜ್ಯೂಸು ಪೂರ್ತಿ ಬಂದ್. ಥೈರಾಯ್ಡ್ 75ಕ್ಕೇ ವಾಪಸ್, ಬರಿಯ ನೀರಿನಲ್ಲಿ, ಏಳು ವಾರದ ನಂತರ ಮತ್ತೆ ಪರೀಕ್ಷೆ.

ಮಾತ್ರೆ ಕಪಾಟು, ದಾವಣಗೆರೆ · ಮಾರ್ಚ್ 15, ಬೆಳಿಗ್ಗೆ

ಒಳ್ಳೆಯ ಕೆಲಸ ಅಕ್ಕ. ನಿಮ್ಮ ಲೆಕ್ಕದ ಪಕ್ಕದಲ್ಲಿ ಇವನ್ನೂ ಬರೆದಿಡಿ: ಅಮೆರಿಕದ ಪೋಷಣಾ ಮಂಡಳಿ ಹಾಕಿರುವ ಗರಿಷ್ಠ ಮಿತಿಯಲ್ಲಿ ವಯಸ್ಕರಿಗೆ ಸಿ ದಿನಕ್ಕೆ 2000, ಐವತ್ತು ದಾಟಿದವರಿಗೆ ಕ್ಯಾಲ್ಸಿಯಂ 2000 ಮಿಲಿಗ್ರಾಂ. ಒಂದರಲ್ಲಿ ತಾಯಿಯವರು ಗೆರೆಯ ಮೇಲೇ ನಿಂತಿದ್ದರು, ಇನ್ನೊಂದರಲ್ಲಿ ದಾಟಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಸೋಡಿಯಂ ಇಡೀ ದಿನಕ್ಕೆ 2000ದೊಳಗೆ ಇರಬೇಕು. ಕಾಲುಭಾಗಕ್ಕಿಂತ ಹೆಚ್ಚು ಜ್ಯೂಸಿನಿಂದಲೇ ಬರುತ್ತಿತ್ತು.

ಅಂಗಡಿಯ ಈಚೆಯಿಂದ ನಾನು ದಿನಾ ನೋಡುವ ಎರಡು ಎಡವಟ್ಟು ಹೇಳಿಬಿಡುತ್ತೇನೆ. ಕ್ಯಾಲ್ಸಿಯಂ ಸ್ಟ್ರಿಪ್ ತಿರುಗಿಸಿ ನೋಡಿ. "ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿಲಿಗ್ರಾಂ" ಎಂದಿರುತ್ತದೆ, ಕೆಳಗೆ "500 ಮಿಲಿಗ್ರಾಂ ಕ್ಯಾಲ್ಸಿಯಂಗೆ ಸಮ" ಎಂದು. ಕಾರ್ಬೊನೇಟಿನಲ್ಲಿ ನೂರಕ್ಕೆ 40 ಪಾಲು ಮಾತ್ರ ಕ್ಯಾಲ್ಸಿಯಂ, ಸಿಟ್ರೇಟಿನಲ್ಲಿ 21. ಕೆಲವರು 1250 ನೋಡಿ ಬೆಚ್ಚಿ ಮಾತ್ರೆಯನ್ನು ಅರ್ಧ ಮಾಡುತ್ತಾರೆ. ಕೆಲವರು ದಿನದ ಎರಡು ಮಾತ್ರೆಗಳನ್ನೂ ಒಮ್ಮೆಗೇ ನುಂಗಿ ಕೈ ತೊಳೆದುಕೊಳ್ಳುತ್ತಾರೆ. ಒಂದು ಹೊತ್ತಿಗೆ 500ಕ್ಕಿಂತ ಹೆಚ್ಚಾದರೆ ಕರುಳು ಅದರಲ್ಲಿ ಹೀರಿಕೊಳ್ಳುವ ಪಾಲು ಇಳಿಯುತ್ತದೆ, ಉಳಿದದ್ದು ಮಲಬದ್ಧತೆಗೆ ದಾರಿ. ಕಾರ್ಬೊನೇಟಿಗೆ ಹೊಟ್ಟೆಯ ಹುಳಿ ಬೇಕು, ಹಾಗಾಗಿ ಊಟವಾದ ಕೂಡಲೇ.

ಎರಡನೆಯದು 60,000 ಯೂನಿಟ್ಟಿನ ವಿಟಮಿನ್ ಡಿ. ವಾರಕ್ಕೊಂದು ಎಂದು ಬರೆದಿದ್ದನ್ನು ದಿನಕ್ಕೊಂದರಂತೆ ತಿಂದು ಮುಗಿಸಿ, "ಇನ್ನೊಂದು ಸ್ಟ್ರಿಪ್ ಕೊಡಿ" ಎಂದು ಬಂದವರಿದ್ದಾರೆ. ಡಿ ಮೈಯಲ್ಲೇ ಉಳಿಯುವಂಥದ್ದು. ಅದಕ್ಕೆ ಕ್ಯಾಲ್ಸಿಯಂ ಮಾತ್ರೆಯೂ ಸೇರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ: ತಡೆಯಲಾಗದ ಬಾಯಾರಿಕೆ, ಪದೇ ಪದೇ ಮೂತ್ರ, ವಾಕರಿಕೆ, ಮಂಕು ಕವಿದಂತಾಗುವುದು. ಹೀಗಾದರೆ ಆಸ್ಪತ್ರೆಗೇ ಹೋಗಬೇಕು. ನಾನು ಸ್ಟ್ರಿಪ್ ಮೇಲೆ ಮಾರ್ಕರಿನಲ್ಲಿ "ಭಾನುವಾರ" ಎಂದು ಬರೆದೇ ಕೊಡುತ್ತೇನೆ.

ಹೊಸ ಗಡಿಯಾರ, ಧಾರವಾಡ · ಮಾರ್ಚ್ 15, ಮಧ್ಯಾಹ್ನ

ನಮ್ಮ ಅತ್ತೆಯವರು ದಿನಾ ಬೆಳಿಗ್ಗೆ ಪ್ಯಾಂಟೊಪ್ರಜೋಲ್ ತೆಗೆದುಕೊಳ್ಳುತ್ತಾರೆ, ಎದೆಯುರಿಗೆ. ಕಾರ್ಬೊನೇಟಿಗೆ ಹುಳಿ ಬೇಕು ಎಂದಿರಿ. ಆ ಮಾತ್ರೆ ಹುಳಿಯನ್ನೇ ನಿಲ್ಲಿಸುತ್ತದೆಯಲ್ಲವೇ? ವಾರಕ್ಕೊಮ್ಮೆ ಮೂಳೆಗೆಂದು ಅಲೆಂಡ್ರೊನೇಟ್ ಕೂಡ ಇದೆ.

ಮಾತ್ರೆ ಕಪಾಟು, ದಾವಣಗೆರೆ · ಮಾರ್ಚ್ 15, ಸಂಜೆ

ಸರಿಯಾಗಿ ಹಿಡಿದಿರಿ. ಅಂಥವರಿಗೆ ಸಿಟ್ರೇಟ್ ಹೊಂದುತ್ತದೆ, ಅದಕ್ಕೆ ಹೊಟ್ಟೆಯ ಹುಳಿಯ ಹಂಗಿಲ್ಲ. ವೈದ್ಯರನ್ನು ಕೇಳಿ ಬದಲಾಯಿಸಿ. ಅಲೆಂಡ್ರೊನೇಟ್ ದಿನ ಬರಿಹೊಟ್ಟೆಗೆ, ಬರಿಯ ನೀರಿನಲ್ಲಿ ನುಂಗಿ ಅರ್ಧ ಗಂಟೆ ಏನೂ ತಿನ್ನದೆ, ಮಲಗದೆ ಇರಬೇಕು. ಅಂದು ಕ್ಯಾಲ್ಸಿಯಂ ಮಧ್ಯಾಹ್ನದ ಊಟದ ನಂತರವೇ. ಸೋಂಕಿಗೆ ಸಿಪ್ರೊಫ್ಲಾಕ್ಸಸಿನ್, ಡಾಕ್ಸಿಸೈಕ್ಲಿನ್ ಕೊಟ್ಟಾಗಲೂ ಕ್ಯಾಲ್ಸಿಯಂ ಅಡ್ಡ ಬರುತ್ತದೆ, ಅಂತರ ಎಷ್ಟು ಎಂದು ಕೇಳಿಕೊಳ್ಳಿ. ಬಿಪಿಗೆ ನೀರಿಳಿಸುವ ಮಾತ್ರೆ ಇದ್ದರೆ ಅದನ್ನೂ ಹೇಳಿ. ಅವುಗಳಲ್ಲಿ ಕೆಲವು ಕ್ಯಾಲ್ಸಿಯಂ ಅನ್ನು ಮೈಯಲ್ಲೇ ಹಿಡಿದಿಡುತ್ತವೆ.

ನಿಶ್ಚಿಂತ · ಮಾರ್ಚ್ 15, ರಾತ್ರಿ

ನೆಗಡಿಗಾದರೂ ಸಿ ಒಳ್ಳೆಯದು ಎನ್ನುತ್ತೀರೋ ಇಲ್ಲವೋ?

ಮಸ್ಕತ್ತಿನ ಕುಂದಾಪುರ · ಮಾರ್ಚ್ 16, ಬೆಳಿಗ್ಗೆ

ದಿನಾ ತೆಗೆದುಕೊಳ್ಳುವ ದೊಡ್ಡವರಲ್ಲಿ ನೆಗಡಿ ನೂರಕ್ಕೆ ಎಂಟರಷ್ಟು ಬೇಗ ಇಳಿಯುತ್ತದೆ, ಅಂದರೆ ವಾರದ ನೆಗಡಿಯಲ್ಲಿ ಅರ್ಧ ದಿನ. ಸೀನು ಶುರುವಾದ ಮೇಲೆ ನುಂಗಿದರೆ ಅದೂ ಖಾತ್ರಿಯಿಲ್ಲ. ಅರ್ಧ ದಿನಕ್ಕಾಗಿ ವರ್ಷವಿಡೀ ಮಾತ್ರೆ ನುಂಗುವಿರೋ, ಬಿಸಿ ಸಾರು ಕುಡಿದು ಮಲಗುವಿರೋ, ನಿಮ್ಮಿಷ್ಟ.

ತುಂಗಾತೀರ, ಶಿವಮೊಗ್ಗ · ಮೇ 4, ಸಂಜೆ

ಹಳೆಯ ಚರ್ಚೆಯನ್ನು ಮೇಲೆತ್ತುತ್ತಿದ್ದೇನೆ. ಇವತ್ತು ವರದಿ ಬಂತು. ಟಿಎಸ್‌ಎಚ್ 3.1, ಥೈರಾಯ್ಡ್ ಮಾತ್ರೆ 75ರಲ್ಲೇ. ಬಿಪಿ ಕೂಡ ಸ್ವಲ್ಪ ಇಳಿದಿದೆ. ಬೇಸಿಗೆಯ ಮಜ್ಜಿಗೆ ಕಾರಣವೋ, ಜ್ಯೂಸು ಬಿಟ್ಟದ್ದು ಕಾರಣವೋ ಎಂದು ಅಮ್ಮ ವಾದಕ್ಕಿಳಿದಿದ್ದಾರೆ.

ಖಾಲಿ ಕೊಳವೆಗಳನ್ನು ಅವರು ಬಿಸಾಡಲು ಬಿಟ್ಟಿಲ್ಲ. ಮುಚ್ಚಳದೊಳಗೆ ತೇವ ಹೀರುವ ಪುಟ್ಟ ಕಾಳುಗಳಿವೆಯಲ್ಲ, ಏಲಕ್ಕಿ ಹಾಕಿಟ್ಟರೆ ಗರಿಗರಿಯಾಗಿ ಉಳಿಯುತ್ತದಂತೆ. ಆರೂ ಕೊಳವೆ ಈಗ ಮಸಾಲೆ ಗೂಡಿನಲ್ಲಿ ಸಾಲಾಗಿ ನಿಂತಿವೆ. ಚಿಕ್ಕಪ್ಪನ ಮಗ ದಸರೆಗೆ ಬರುತ್ತಾನೆ. ಏನು ತರಲಿ ಎಂದು ಕೇಳಿದ್ದಕ್ಕೆ "ಖರ್ಜೂರ ಸಾಕು, ಖಾಲಿ ಕೊಳವೆ ಇದ್ದರೆ ತಾ" ಎಂದಿದ್ದಾರೆ.

ನಿವೃತ್ತ ಮೇಷ್ಟ್ರು, ಮಂಡ್ಯ · ಮೇ 4, ರಾತ್ರಿ

ಲವಂಗಕ್ಕೂ ಆಗುತ್ತದೆಯೇ ಎಂದು ತಾಯಿಯವರನ್ನು ಕೇಳಿ ಹೇಳಿ ತಾಯಿ.